ಹನ್ನೆರಡನೇ ನಂಬರಿನ ಕಡ್ಡಿ

ಸ್ವೆಟರ್ ಹೆಣೆಯುವ ಕಡ್ಡಿಗಳ ಲೆಕ್ಕ ತಲೆಕೆಳಗು. ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳುವಾಗುತ್ತದೆ. ಎಂಟು ದಪ್ಪ, ಹತ್ತು ತೆಳು, ಹನ್ನೆರಡು ಹೆಚ್ಚುಕಡಿಮೆ ಪೊರಕೆಯ ಕಡ್ಡಿಯಷ್ಟು. ಇದು ಗೊತ್ತಿಲ್ಲದ ಅಪ್ಪ 1979ರ ಸೆಪ್ಟೆಂಬರ್ 8ರ ಶನಿವಾರ ಮೈಸೂರಿನಿಂದ ಆರನೇ ನಂಬರಿನ ಜೋಡಿ ತಂದು ನನ್ನ ಮುಂದೆ ಇಟ್ಟರು.

"ಮಗುವಿನ ಸ್ವೆಟರಿಗೆ ಚಿಕ್ಕ ಕಡ್ಡಿ ಬೇಕು ಅಂದ್ಯಲ್ಲ. ಅದಕ್ಕೇ ಇರೋದ್ರಲ್ಲೆಲ್ಲ ಚಿಕ್ಕ ನಂಬರು ಕೊಡಿ ಅಂತ ಕೇಳಿ ತಂದೆ."

"ಅಪ್ಪಾ, ಇದರಲ್ಲಿ ಹೆಣೆದರೆ ಮೀನಿನ ಬಲೆ ಆಗುತ್ತೆ."

"ಹಾಗಾದ್ರೆ ಅಪ್ಪ ಮಗಳು ಇಬ್ಬರೂ ಹೋಗಿ ಕಪಿಲೆಗೆ ಬೀಸ್ಕೊಂಡು ಬನ್ನಿ" ಎಂದು ಅಮ್ಮ ಅಡುಗೆಮನೆಯಿಂದಲೇ ಹೇಳಿದಳು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಮಗುವಿನ ಮಾತು ಬಂದರೆ ನಗು ಅಲ್ಲಿಗೇ ನಿಲ್ಲುತ್ತಿತ್ತು.

ಅಕ್ಕನಿಗೆ ಆಗ ಮೂರು ತಿಂಗಳು. ಹಿಂದಿನ ಡಿಸೆಂಬರಿನಲ್ಲಿ ಅವಳ ಗಂಡನ ಮನೆಯಲ್ಲಿ ಒಂದು ಗಂಡುಮಗು ದಿನ ತುಂಬುವ ಮುಂಚೆಯೇ ಹುಟ್ಟಿ ಒಂಬತ್ತು ದಿನ ಬದುಕಿತ್ತು. ಶೀತ ತಗುಲಿತು ಎಂದರು. ಒಂಬತ್ತನೇ ದಿನ ಬೆಳಿಗ್ಗೆ ಅಕ್ಕ ಮುಟ್ಟಿ ನೋಡಿದಾಗ ಮಗುವಿನ ಬೆನ್ನು ಕಲ್ಲಿನ ಹಾಗೆ ತಣ್ಣಗಿತ್ತಂತೆ. ಅಲ್ಲಿಂದ ಅವಳಿಗೆ ಒಂದು ಅಭ್ಯಾಸ ಹತ್ತಿತು. ಮಾತಾಡುತ್ತ ಮಾತಾಡುತ್ತ ಪಕ್ಕದಲ್ಲಿದ್ದದ್ದನ್ನು, ದಿಂಬಾಗಲಿ ನನ್ನ ಕೈಯಾಗಲಿ, ಅಂಗೈಯಿಂದ ಒತ್ತಿ ನೋಡುತ್ತಿದ್ದಳು, ಬೆಚ್ಚಗಿದೆಯೇ ಎಂದು. "ಈ ಸಲವೂ ಏನಾದರೂ ಆದರೆ ಅವಳು ಉಳಿಯೋಲ್ಲ" ಎಂದು ಅಮ್ಮ ಅಪ್ಪನ ಹತ್ತಿರ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಕೇಳಿದ ದಿನವೇ, ಹುಟ್ಟುವ ಮಗುವಿಗೆ ಗಾಳಿ ತೂರದಂಥ ಸ್ವೆಟರ್ ಹೆಣೆಯುವುದು ನನ್ನ ಕೆಲಸ ಎಂದು ಡೈರಿಯಲ್ಲಿ ಬರೆದುಕೊಂಡೆ. ನನಗೆ ಹದಿನಾರು ವರ್ಷ. ನಂಜನಗೂಡಿನಲ್ಲಿ ಪಿಯುಸಿ ಮೊದಲ ವರ್ಷ ಓದುತ್ತಿದ್ದೆ.

ಡೈರಿ ಅಪ್ಪನ ಆಫೀಸಿನಲ್ಲಿ ಉಳಿದಿದ್ದ ಹಿಂದಿನ ವರ್ಷದ್ದು. ಹಾಗಾಗಿ ಪ್ರತಿ ಪುಟದಲ್ಲೂ ವಾರ ಒಂದು ದಿನ ತಪ್ಪು. ನಾನು ಅಚ್ಚಾದ ವಾರವನ್ನು ಹೊಡೆದುಹಾಕಿ ಸರಿಯಾದದ್ದನ್ನು ಬರೆದೇ ಶುರು ಮಾಡುತ್ತಿದ್ದೆ. ನನ್ನ ಲೆಕ್ಕಗಳ ಮೇಲೆ ಅಮ್ಮನಿಗೆ ನಂಬಿಕೆ ಇರಲಿಲ್ಲ. "ವಾರವೇ ನೆಟ್ಟಗಿಲ್ಲದ ಡೈರಿ ನಿಂದು" ಎನ್ನುತ್ತಿದ್ದಳು. ಆ ಮಾತು ಮುಂದೆ ಬಹಳ ಸಲ ನೆನಪಾಯಿತು.

ಹುಟ್ಟದ ಮಗುವಿಗೆ ಏನನ್ನೂ ಹೊಲಿಯಬಾರದು, ಹೆಣೆಯಬಾರದು ಎಂಬುದು ನಮ್ಮಲ್ಲಿಯ ಪದ್ಧತಿ. ಹುಟ್ಟಿದ ಮೇಲೂ ಮೊದಲು ತೊಡಿಸುವುದು ಹಳೆಯ ಬಟ್ಟೆಯನ್ನೇ. ಆದ್ದರಿಂದ ನಾನೂ ಅಮ್ಮನೂ ಒಂದು ಒಪ್ಪಂದಕ್ಕೆ ಬಂದೆವು. ಸ್ವೆಟರ್ ಶುರು ಮಾಡುವ ಹಾಗಿಲ್ಲ, ಕಡ್ಡಿ ಆರಿಸಿ ಇಟ್ಟುಕೊಳ್ಳಬಹುದು. ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದ ಎದುರುಮನೆಯಾಕೆ ಒಂದಿಷ್ಟು ಹತ್ತಿ ನೂಲು ಕೊಟ್ಟಳು. ಅದರಲ್ಲಿ ಅಂಗೈಯಗಲದ ಮಾದರಿ ತುಂಡುಗಳನ್ನು ಹೆಣೆದು ಟೇಪು ಹಿಡಿದು ಬರೆದೆ. ಎಂಟನೇ ನಂಬರಿನಲ್ಲಿ ಇಂಚಿಗೆ ಐದು ಕುಣಿಕೆ, ಕಿಟಕಿಗೆ ಹಿಡಿದರೆ ಬೆಳಕು ತೂತುತೂತಾಗಿ ಕಾಣುತ್ತದೆ. ಹತ್ತರಲ್ಲಿ ಆರೂವರೆ, ಬೆಳಕು ಸ್ವಲ್ಪ ಕಡಿಮೆ. ಬೇಕಾದದ್ದು ಹನ್ನೆರಡು. ಪೇಟೆಬೀದಿಯ ಅಂಗಡಿಯಾತ, "ಅನ್ನೆರಡಾ? ನೀನ್ ಕೇಳ್ತಿರೋದು ಕಡ್ಡಿಯೋ ಸೂಜಿಯೋ ಕಣವ್ವಾ?" ಎಂದು ನಕ್ಕು, ಬಾಗುವ ಪ್ಲಾಸ್ಟಿಕ್ ಕಡ್ಡಿ ತೋರಿಸಿದ.

"ನರಸೀಪುರದಲ್ಲಿ ನಿನ್ನ ಚಿಕ್ಕಮ್ಮನ ಕಡ್ಡಿಗಳ ಡಬ್ಬವೇ ಇದೆ. ಅಜ್ಜಿಯನ್ನ ಕೇಳು" ಎಂದಳು ಅಮ್ಮ.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ತಿರುಮಕೂಡಲು ನರಸೀಪುರದ ಹುಡುಗಿಯರ ಶಾಲೆಯಲ್ಲಿ ಹೊಲಿಗೆ, ಹೆಣಿಗೆ ಕಲಿಸುತ್ತಿದ್ದಳು. ನನಗೂ ಕಡ್ಡಿ ಹಿಡಿಯಲು ಕಲಿಸಿದ್ದು ಅವಳೇ. ಮದುವೆಯಾಗಿರಲಿಲ್ಲ. 1976ರ ನವೆಂಬರಿನಲ್ಲಿ, ಕಾರ್ತೀಕ ಬಹುಳ ಪಂಚಮಿಯ ದಿನ, ಎರಡು ತಿಂಗಳು ಮಲಗಿದ್ದು ತೀರಿಕೊಂಡಳು. ಆ ಮನೆಯಲ್ಲಿ ಅಜ್ಜಿ, ಸೋದರಮಾವ, ಅತ್ತೆ ಮೂವರೇ. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವಳ ಕಣ್ಣಿನ ಔಷಧಿಯನ್ನು ಅಪ್ಪ ತಿಂಗಳಿಗೊಮ್ಮೆ ನನ್ನ ಕೈಯಲ್ಲಿ ಕಳಿಸುತ್ತಿದ್ದರು.

ಸೆಪ್ಟೆಂಬರ್ 16, ಭಾನುವಾರ. ನಡುಮನೆಯ ಪಕ್ಕದ ಚಿಕ್ಕ ಕೋಣೆಯಲ್ಲಿ, ಚಿಕ್ಕಮ್ಮ ಮಲಗಿರುತ್ತಿದ್ದ ಕೋಣೆಯಲ್ಲಿ, ಅಜ್ಜಿ ಸೊಂಟದಿಂದ ಬೀಗದಕೈ ತೆಗೆದು ಟ್ರಂಕು ತೆರೆದಳು. ಬಿಸ್ಕತ್ತಿನ ಡಬ್ಬದಲ್ಲಿ ಎಂಟು, ಒಂಬತ್ತು, ಹತ್ತರ ಜೋಡಿಗಳು, ಒಂದೊಂದಕ್ಕೂ ದಾರ ಕಟ್ಟಿ ಇಟ್ಟಿದ್ದವು. ಹನ್ನೆರಡರ ಜೋಡಿಯೂ ಇತ್ತು. ಆದರೆ ಅದರ ಮೇಲೆ ಹೆಣೆಯುತ್ತಿದ್ದ ಒಂದು ತುಂಡು ಹಾಗೇ ಕೂತಿತ್ತು. ಬೂದು ಬಣ್ಣದ ಉಣ್ಣೆ, ಪಕ್ಕದಲ್ಲಿ ಅದರ ಉಂಡೆ.

"ಅದೊಂದನ್ನ ಬಿಡು. ಬೇರೆ ಯಾವುದು ಬೇಕೋ ತೊಗೋ" ಎಂದಳು ಅಜ್ಜಿ.

"ನಂಗೆ ಬೇಕಾಗಿರೋದೇ ಅದು ಅಜ್ಜಿ."

"ಅದು ಅವಳದ್ದು. ಇನ್ನೂ ಮುಗಿದಿಲ್ಲ."

ಒತ್ತಾಯ ಮಾಡಲಿಲ್ಲ. ಅಜ್ಜಿ ಔಷಧಿಗೆ ನೀರು ತರಲು ಎದ್ದಾಗ, ಸುಮ್ಮನೆ ಇರಲಾರದೆ ಎಣಿಸಿದೆ. ಐವತ್ತಾರು ಕುಣಿಕೆ. ಕೆಳಗೆ ಎರಡು ಇಂಚು ಚಿಕ್ಕಮ್ಮನ ಅಚ್ಚುಕಟ್ಟಾದ ಅಂಚು, ಒಂದು ಸೀದಾ ಒಂದು ಉಲ್ಟಾ. ಅದರ ಮೇಲೆ ಬರೀ ಸೀದಾ ಹೆಣಿಗೆ. ಸೀದಾ ಹೆಣೆದುಕೊಂಡು ಹೋಗಿ, ತಿರುಗಿಸಿ, ಸೀದಾ ಹೆಣೆದುಕೊಂಡು ಬಂದರೆ ಒಂದು ಉಬ್ಬುಗೆರೆ ಮೂಡುತ್ತದೆ. ಅಂಥ ಗೆರೆಗಳು ಮೂವತ್ತೈದು. ಬಸ್ಸಿನಲ್ಲಿ ಕೂತು ಡೈರಿಗೆ ಬರೆದೆ.

ಅಕ್ಟೋಬರ್ 14ಕ್ಕೆ ಮತ್ತೆ ಹೋದಾಗ ಗೆರೆಗಳು ಮೂವತ್ತಾರು.

ನನ್ನ ಎಣಿಕೆಯೇ ತಪ್ಪಿರಬೇಕು ಎಂದುಕೊಂಡೆ. ಹೆಣಿಗೆಯಲ್ಲಿ ಒಂದು ಗೆರೆ ಕಣ್ಣು ತಪ್ಪುವುದು ದೊಡ್ಡದಲ್ಲ. ಆದರೂ ಆ ಸಲ ಕೊನೆಯ ಗೆರೆಯ ಅಂಚಿಗೆ ಒಂದು ಬಿಳಿ ದಾರ ಕಟ್ಟಿ ಬಂದೆ. ನವೆಂಬರ್ 11ರಂದು ಟ್ರಂಕು ತೆರೆದಾಗ ಬಿಳಿ ದಾರದ ಮೇಲೆ ಇನ್ನೊಂದು ಗೆರೆ ಇತ್ತು. ಮೂವತ್ತೇಳು.

ಬೀಗ ಹಾಕಿದ ಟ್ರಂಕು. ಅಜ್ಜಿಗೆ ಹೆಣಿಗೆ ಬರುವುದಿಲ್ಲ, ಎದುರು ನಿಂತವರ ಮುಖವೂ ಅವಳಿಗೆ ಮಂಜುಮಂಜು. ಮಾವ ಕಡ್ಡಿ ಮುಟ್ಟುವವರಲ್ಲ. ಉಳಿದವಳು ಅತ್ತೆ. ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದವಳ ಪಕ್ಕ ಕೂತು ಮೆಲ್ಲಗೆ ಕೇಳಿದೆ.

"ಅತ್ತೆ, ನೀವು ಹೆಣಿಗೆ ಕಲ್ತಿದೀರಾ?"

"ನಾನಾ? ಹರಿದ ಕುಬುಸಕ್ಕೆ ಗುಂಡಿ ಹಾಕೋಕೇ ಪುರುಸೊತ್ತಿಲ್ಲ. ಯಾಕೆ?"

"ಚಿಕ್ಕಮ್ಮನ ಟ್ರಂಕಿನಲ್ಲಿ..."

ಅತ್ತೆ ಪಾತ್ರೆ ಬಿಟ್ಟು ಒಳಗೆ ಕಣ್ಣು ಹಾಯಿಸಿದಳು. "ಆ ರೂಮಿನ ಮಾತು ನನ್ನ ಹತ್ರ ಆಡಬೇಡ ಕಣೇ. ನಾನು ಅಲ್ಲಿಗೆ ಹೋಗೋದೇ ಇಲ್ಲ. ಬಹುಳ ಪಂಚಮಿ ಬಂತು ಅಂದ್ರೆ ಮಧ್ಯಾಹ್ನ ಅಲ್ಲಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತೆ. ನಿಮ್ಮ ಮಾವಂಗೆ ಹೇಳಿದ್ರೆ, ಹಲ್ಲಿ ಅಂತಾರೆ. ಹಲ್ಲಿಗೆ ಪಂಚಮಿ ಗೊತ್ತಾಗುತ್ತೇನೇ?"

ಆ ಸಂಜೆ ನಂಜನಗೂಡಿಗೆ ಬಂದವಳೇ ಲೆಕ್ಕ ಹಾಕಿದೆ. ಚಿಕ್ಕಮ್ಮ ಹೋಗಿ ಆ ತಿಂಗಳಿಗೆ ಸರಿಯಾಗಿ ಮೂರು ವರ್ಷ. ತಿಂಗಳಿಗೊಂದು ಬಹುಳ ಪಂಚಮಿ, ಪಂಚಮಿಗೊಂದು ಗೆರೆ ಎಂದರೆ ಮೂವತ್ತಾರು ಆಗಬೇಕು. ಮೂವತ್ತೇಳು ಇವೆ. ಲೆಕ್ಕ ಕೂಡದೆ ಹೋದದ್ದಕ್ಕೆ ಸಮಾಧಾನವೇ ಆಯಿತು. ಅತ್ತೆಯ ಮಾತು ಸುಳ್ಳು, ನನ್ನ ಎಣಿಕೆ ಸುಳ್ಳು, ಎಲ್ಲ ಸುಳ್ಳು. ಅಪ್ಪನ ಹತ್ತಿರ ಬೇರೆ ಏನೂ ಹೇಳದೆ, ಮೂರು ವರ್ಷಕ್ಕೆ ಎಷ್ಟು ಬಹುಳ ಪಂಚಮಿ ಬರುತ್ತವೆ ಎಂದಷ್ಟೇ ಕೇಳಿದೆ.

"ಯಾವ ಮೂರು ವರ್ಷ?"

"ಈಗ ಮುಗಿದದ್ದು."

ಅಪ್ಪ ಹಳೆಯ ಪಂಚಾಂಗಗಳ ಕಟ್ಟು ಬಿಚ್ಚಿದರು. "ಎಪ್ಪತ್ತೇಳರಲ್ಲಿ ಅಧಿಕ ಶ್ರಾವಣ ಬಂದಿತ್ತು ನೋಡು. ಒಂದು ತಿಂಗಳು ಹೆಚ್ಚು. ಅಲ್ಲಿಗೆ ಮೂವತ್ತೇಳು."

ನಾನು ತಿಂಗಳುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿದ್ದೆ. ಗೆರೆ ಹಾಕಿದವರು ಪಂಚಾಂಗದಲ್ಲಿ ಎಣಿಸಿದ್ದರು. ಅಧಿಕ ಮಾಸವನ್ನೂ ಬಿಟ್ಟಿರಲಿಲ್ಲ. ಡೈರಿಯಲ್ಲಿ ಅಂದಿನ ಪುಟದಲ್ಲಿ ಮೂವತ್ತೇಳು ಎಂಬ ಅಂಕಿಯ ಸುತ್ತ ನಾನು ಎಳೆದ ವೃತ್ತ ಈಗಲೂ ಇದೆ. ಪೆನ್ನಿನ ಒತ್ತಡಕ್ಕೆ ಮುಂದಿನ ಪುಟಕ್ಕೂ ಅಚ್ಚಾಗಿದೆ.

ಡಿಸೆಂಬರಿನ ಪಂಚಮಿ ಎಂಟನೇ ತಾರೀಕು ಶನಿವಾರ ಬಿದ್ದಿತ್ತು. ಕಾಲೇಜು ತಪ್ಪಿಸಿ ಬೆಳಗಿನ ಬಸ್ಸು ಹಿಡಿದೆ. ಕಂಡಕ್ಟರ್ ಪರಿಚಯದವನು. "ಏನ್ ಮಗಾ, ಈ ತಿಂಗಳು ಮದ್ದು ಬ್ಯಾಗ ಬಂದದೆ?" ಎಂದು ಕೇಳಿದ. ಔಷಧಿ ತಂದಿಲ್ಲ ಎಂಬುದು ಆಗ ನೆನಪಾಯಿತು. ಎರಡು ಹೊಳೆ ಕೂಡುವಲ್ಲಿ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಸೇತುವೆಯ ಮೇಲಿಂದ ನೋಡಿದರೆ ನೀರು ಕಾಣಿಸದೆ, ಬಟ್ಟೆ ಒಗೆಯುವ ಸದ್ದು ಮಾತ್ರ ಕೇಳಿಸುತ್ತಿತ್ತು.

ಊಟವಾದ ಮೇಲೆ ಮಾವ ಜಗುಲಿಯಲ್ಲಿ ಒರಗಿದರು. ಅತ್ತೆ ಪಕ್ಕದ ಮನೆಗೆ ಹೋದಳು. ಅವಳು ಪ್ರತಿ ಪಂಚಮಿಯೂ ಹೀಗೇ ಹೋಗುತ್ತಿದ್ದಳೆಂದು ಕಾಣುತ್ತದೆ. ನಾನು ನಡುಮನೆಯಲ್ಲಿ ಕಂಬಕ್ಕೆ ಒರಗಿ ಪುಸ್ತಕ ಹಿಡಿದು ಕೂತೆ. ಗಡಿಯಾರ ಎರಡು ಹೊಡೆಯಿತು. ಸ್ವಲ್ಪ ಹೊತ್ತಿಗೆ ಕೋಣೆಯಿಂದ ಸದ್ದು ಬಂತು. ಟಿಕ್. ಬಹಳ ಹೊತ್ತಾದ ಮೇಲೆ ಇನ್ನೊಂದು ಟಿಕ್. ಹಲ್ಲಿಯ ಸದ್ದಲ್ಲ. ಉಕ್ಕಿಗೆ ಉಕ್ಕು ತಗುಲುವ ಸದ್ದು ನನಗೆ ಗೊತ್ತು.

ಬಾಗಿಲು ಮುಂದೆ ಮಾಡಿತ್ತು. ತಳ್ಳಿದೆ.

ಅಜ್ಜಿ ಚಿಕ್ಕಮ್ಮ ಮಲಗುತ್ತಿದ್ದ ಜಾಗದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎರಡೂ ಕಣ್ಣು ಮುಚ್ಚಿದ್ದಳು. ಕಡ್ಡಿಯ ತುದಿಯನ್ನು ಎಡಗೈಯ ಹೆಬ್ಬೆರಳಿನಿಂದ ಹುಡುಕಿ, ಕುಣಿಕೆಗೆ ತೂರಿಸಿ, ನೂಲು ಸುತ್ತಿ, ಎಳೆದು ಮತ್ತೆ ಹುಡುಕುತ್ತಿದ್ದಳು.

"ಬಂದ್ಯಾ? ಬಾಗಿಲು ಹಾಕ್ಕೋ. ಗಾಳಿ ಬರುತ್ತೆ" ಎಂದಳು, ಕಣ್ಣು ತೆರೆಯದೆ.

"ಅಜ್ಜಿ, ನಿಂಗೆ ಹೆಣಿಗೆ ಬರೋಲ್ಲ ಅಂತಿದ್ಯಲ್ಲ?"

"ಬರೋಲ್ಲ. ಇದೊಂದು ಮಾತ್ರ ಬರುತ್ತೆ. ಮಲಗಿದ್ದಾಗ ಕಲಿಸಿದಳು. ಕೈಯಲ್ಲಿ ಶಕ್ತಿ ಹೋಗಿತ್ತಲ್ಲ, ನೀನೇ ಹಾಕಮ್ಮ ಅಂದಳು. ಬೇರೆ ನೂಲು ಕೊಟ್ಟು, ಕಣ್ಣು ಮುಚ್ಚಿಸಿ ಕಲಿಸಿದಳು ಮಾರಾಯ್ತಿ. ಮುಂದೆ ಹೇಗೂ ನಿಂಗೆ ಕಣ್ಣು ಕಾಣೋಲ್ಲ ಅಂತ."

"ಆಗ ನಿನ್ನ ಕಣ್ಣು ಚೆನ್ನಾಗಿತ್ತಲ್ಲ ಅಜ್ಜಿ?"

"ಚೆನ್ನಾಗೇ ಇತ್ತು."

ಅಜ್ಜಿ ಒಂದು ಸಾಲು ಮುಗಿಸಿ ಕಡ್ಡಿ ತಿರುಗಿಸಿದಳು. ನಾನು ಕೇಳದೆಯೇ ಹೇಳಿದಳು. "ವರ್ಷಕ್ಕೊಂದು ಸಲ ನಿಮ್ಮ ಮಾವ ಶ್ರಾದ್ಧ ಮಾಡ್ತಾನೆ. ಮದುವೆ ಇಲ್ಲ, ಮಕ್ಕಳಿಲ್ಲ. ತಿಂಗಳು ತಿಂಗಳಿಗೆ ಅವಳಿಗೆ ಯಾರು ಮಾಡ್ತಾರೆ? ನನಗೇನು ಮಂತ್ರ ಬರುತ್ತಾ? ಅವಳು ಕಲಿಸಿದ್ದು ಇದು. ಇದನ್ನೇ ಮಾಡ್ತೀನಿ."

ಟ್ರಂಕಿನಲ್ಲಿ ಯಾರೂ ಇಲ್ಲ, ಅಜ್ಜಿ ಇದ್ದಾಳೆ. ಆ ಧೈರ್ಯದಲ್ಲಿ ಟೇಪು ತೆಗೆದು ಅಳೆದೆ. ಅಗಲ ಏಳು ಇಂಚು. ಅಗಲ ನೋಡಿದರೆ ಅದು ಒಂದು ಸ್ವೆಟರಿನ ಬೆನ್ನಿನ ಭಾಗ. ಮುಂಭಾಗವೂ ಇಷ್ಟೇ ಎಂದರೆ ಸುತ್ತಳತೆ ಹದಿನಾಲ್ಕು. ಎದೆಯ ಅಳತೆಗೆ ಎರಡು ಇಂಚು ಸೇರಿಸಿ ಹೆಣೆಯಬೇಕು ಎಂಬುದು ಚಿಕ್ಕಮ್ಮನೇ ಕಲಿಸಿದ ನಿಯಮ. ಹಾಗಾದರೆ ಹನ್ನೆರಡು ಇಂಚಿನ ಎದೆ.

"ಇದು ಯಾರಿಗೆ ಅಂತ ಶುರು ಮಾಡಿದ್ದಳು ಅಜ್ಜಿ? ಆಗ ನಮ್ಮ ಮನೇಲಿ ಯಾರೂ ಬಸುರಿ ಇರಲಿಲ್ಲ. ಅಕ್ಕನಿಗೆ ಮದುವೆಯೂ ಆಗಿರಲಿಲ್ಲ. ಅಲ್ಲದೆ ಇಷ್ಟು ಚಿಕ್ಕ ಮಗು ಇರೋಲ್ಲ."

"ಕೇಳಿದ್ದೆ. ಬೇಕಾದಾಗ ಗೊತ್ತಾಗುತ್ತೆ ಅಂದಳು."

ಡೈರಿಯಲ್ಲಿ ಹೀಗಿದೆ: ಗೆರೆ 38. ಹಾಕಿದವರು: ಅಜ್ಜಿ, ಕಣ್ಣಾರೆ ಕಂಡೆ. ಎದೆ 12 ಇಂಚು, ಬಹುಶಃ ಚಿಕ್ಕಮ್ಮನ ತಪ್ಪು.

ಜನವರಿ ಮೊದಲ ವಾರ ಅಜ್ಜಿಗೆ ಮೈಸೂರಿನಲ್ಲಿ ಒಂದು ಕಣ್ಣಿನ ಪೊರೆ ತೆಗೆದರು. ಅಲ್ಲಿಂದ ನೇರವಾಗಿ ನಮ್ಮ ಮನೆಗೆ ಕರೆತಂದೆವು. ಏಳನೇ ತಾರೀಕು ಪಂಚಮಿ. ಅಜ್ಜಿ ಕಣ್ಣಿಗೆ ಕಟ್ಟು ಕಟ್ಟಿಕೊಂಡು ನಂಜನಗೂಡಿನ ನಮ್ಮ ಮಂಚದ ಮೇಲಿದ್ದಳು. ಟ್ರಂಕು ನರಸೀಪುರದಲ್ಲಿ, ಅದರ ಬೀಗದಕೈ ಅಜ್ಜಿಯ ಸೊಂಟದಲ್ಲಿ. ಮಧ್ಯಾಹ್ನ ಅವಳ ಬೆರಳುಗಳು ಹೊದಿಕೆಯ ಮೇಲೆ ಆಡುತ್ತಿದ್ದವು. "ಇವತ್ತು ತಪ್ಪಿಹೋಯ್ತು" ಎಂದು ಒಂದೇ ಒಂದು ಸಲ ಹೇಳಿದಳು.

ಜನವರಿ 27ರ ಭಾನುವಾರ ಅವಳನ್ನು ನರಸೀಪುರಕ್ಕೆ ಬಿಟ್ಟುಬರಲು ಹೋದೆ. ಕೈಕಾಲು ತೊಳೆದವಳೇ ಟ್ರಂಕಿನ ಮುಂದೆ ಕೂತಳು. ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಕಡ್ಡಿಯ ಕೆಳಗೆ ಬೆರಳು ಸವರಿದಳು. ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಸವರಿತು.

"ಎಣಿಸು."

ಎಣಿಸಿದೆ. ಮೂವತ್ತೊಂಬತ್ತು.

"ಇನ್ನೊಂದು ಸಲ."

ಬಿಳಿ ದಾರದಿಂದ ಮೇಲಕ್ಕೆ ಎಣಿಸಿದೆ. ದಾರದ ಮೇಲೆ ನವೆಂಬರಿನದು ಒಂದು, ಡಿಸೆಂಬರಿನದು ಒಂದು, ಅದರ ಮೇಲೆ ಇನ್ನೊಂದು. ಅಜ್ಜಿಯ ಗೆರೆಗಳು ಸಡಿಲ. ಪ್ರತಿ ಗೆರೆಯ ಕೊನೆಗೂ ನೂಲು ಸ್ವಲ್ಪ ಜೋತುಬೀಳುತ್ತದೆ. ಈ ಗೆರೆ ಬಿಗಿಯಾಗಿತ್ತು, ಎಳೆದು ಹಿಡಿದ ದಾರದಷ್ಟು ನೇರವಾಗಿತ್ತು. ಕೆಳಗಿನ ಎರಡು ಇಂಚಿನ ಅಂಚು ಹೇಗಿತ್ತೋ ಹಾಗೆ.

"ಇದು ನಂದಲ್ಲ" ಎಂದಳು ಅಜ್ಜಿ.

ಅತ್ತೆಯನ್ನು ಕೇಳಿದೆ. ದೇವರ ದೀಪದ ಮುಂದೆ ನಿಂತು, "ನಾನಲ್ಲ, ನಾನಲ್ಲ" ಎಂದು ಅತ್ತೇಬಿಟ್ಟಳು. ಟ್ರಂಕಿನ ಬೀಗ ನೋಡಿದೆ. ಒಂದೇ ಬೀಗ, ಒಂದೇ ಕೈ. ಡಿಸೆಂಬರಿನಲ್ಲಿ ನಾನು ತಪ್ಪು ಬರೆದಿರಬಹುದೇ? ಆ ಪುಟದ ಅಂಕಿಯನ್ನು ತಿದ್ದಿಲ್ಲ. ಆದರೆ ತಿದ್ದದ ಅಂಕಿ ಸರಿಯಾದ ಅಂಕಿಯೇ ಆಗಿರಬೇಕೆಂದೇನೂ ಇಲ್ಲ. ಪಟ್ಟಿಯಲ್ಲಿ 39 ಎಂದು ಬರೆದು, ಹಾಕಿದವರು ಎಂಬ ಕಡೆ ಏನೂ ಬರೆಯದೆ ಬಿಟ್ಟೆ.

ಹೆದರದೆ ಇದ್ದವಳು ಅಜ್ಜಿ ಒಬ್ಬಳೇ. "ನಂಗೆ ಆಗದೆ ಇದ್ದಾಗ ಅವಳೇ ಮಾಡ್ಕೊಂಡಿದಾಳೆ" ಎಂದು ತುಂಡನ್ನು ಡಬ್ಬಕ್ಕೆ ಹಾಕಿದಳು. "ನಾನು ನಿನ್ನ ಜೊತೆ ವಾಪಸ್ ಬರ್ತೀನಿ. ನಿನ್ನ ಅಕ್ಕನ ಬಾಣಂತನ ಆಗೋವರೆಗೂ ಅಲ್ಲೇ ಇರ್ತೀನಿ. ಈ ಡಬ್ಬವೂ ಬರಲಿ."

ಹೀಗೆ ಆ ತುಂಡು ನಮ್ಮ ಮನೆಗೇ ಬಂತು. ಅಕ್ಕ ಆಗಲೇ ಹೆರಿಗೆಗೆ ಬಂದಾಗಿತ್ತು. ಫೆಬ್ರವರಿಯ ಪಂಚಮಿಗೆ ಅಜ್ಜಿ ನಮ್ಮ ನಡುಮನೆಯಲ್ಲಿ ಕೂತು ನಲವತ್ತನೇ ಗೆರೆ ಹಾಕಿದಳು. ಅಕ್ಕ ಅದನ್ನು ನೋಡುತ್ತ, ಎಂದಿನಂತೆ ಅಂಗೈಯಿಂದ ಆ ಬೂದು ಉಣ್ಣೆಯನ್ನು ಒತ್ತಿ ನೋಡಿದಳು. "ಬೆಚ್ಚಗಿದೆ" ಎಂದಳು.

ಫೆಬ್ರವರಿ 16ರ ಶನಿವಾರ ಸೂರ್ಯಗ್ರಹಣ. ಬಸುರಿಯಿರುವ ಮನೆಯಲ್ಲಿ ಗ್ರಹಣ ಕಾಲಕ್ಕೆ ಚೂಪಾದದ್ದು ಯಾರ ಕೈಯಲ್ಲೂ ಇರಬಾರದು. ಅಮ್ಮ ಚಾಕು, ಕತ್ತರಿ, ಸೂಜಿಗಳ ಜೊತೆ ನನ್ನ ಎಲ್ಲ ಕಡ್ಡಿಗಳನ್ನೂ, ಅಜ್ಜಿಯ ಡಬ್ಬವನ್ನೂ ಹಳೆಯ ಪಂಚೆಯಲ್ಲಿ ಗಂಟು ಕಟ್ಟಿಸಿ, ಅಪ್ಪನ ಕೈಲಿ ಅಟ್ಟದ ಮೇಲೆ ಇಡಿಸಿದಳು. ಅಕ್ಕನನ್ನು ಬೆಳಕು ಬೀಳದ ಒಳಕೋಣೆಯಲ್ಲಿ ಮಲಗಿಸಿದರು. ಜೊತೆಗೆ ನಾನು. ಹೊಸ್ತಿಲಲ್ಲಿ ಜಪಸರ ಹಿಡಿದು ಅಜ್ಜಿ.

ಮೂರು ಗಂಟೆ ದಾಟುತ್ತಿದ್ದಂತೆ ಬೀದಿ ಸತ್ತುಹೋಯಿತು. ಒಂದು ಸೈಕಲ್ಲಿನ ಗಂಟೆ ಇಲ್ಲ, ದೇವಸ್ಥಾನದ ಕಡೆಯಿಂದ ಸದ್ದಿಲ್ಲ. ಕಿಟಕಿಯ ಸಂದಿನ ಬಿಸಿಲು ಮೊದಲು ಹಳದಿಗೆ, ಆಮೇಲೆ ಹಿತ್ತಾಳೆಯ ಬಣ್ಣಕ್ಕೆ ತಿರುಗಿತು. ಎದುರಿನ ಹುಣಸೆಮರಕ್ಕೆ ಕಾಗೆಗಳು ಸಂಜೆಯೆಂದು ತಿಳಿದು ಬಂದು ಕೂತವು. ಕೂಗಲಿಲ್ಲ.

"ಯಾರೇ ಅದು ಹೆಣೀತಿರೋದು?" ಎಂದಳು ಅಕ್ಕ.

"ಯಾರೂ ಇಲ್ಲ ಅಕ್ಕ."

"ಟಿಕ್ ಟಿಕ್ ಅಂತಿದೆಯಲ್ಲೇ. ಕಿವುಡೀನಾ ನೀನು?"

ನನಗೆ ಏನೂ ಕೇಳಿಸಲಿಲ್ಲ. ಕೇಳಿಸದೇ ಇರುವುದಕ್ಕೇ ಹೆಚ್ಚು ಭಯವಾಯಿತು. ಅಜ್ಜಿಯ ಜಪಸರ ನಿಂತಿತ್ತು. "ಸುಮ್ಮನೆ ಮಲಗಮ್ಮ. ಇನ್ನೇನು ಆಯ್ತು" ಎಂದಳು. ಅವಳು ಹೇಳಿದ್ದು ಗ್ರಹಣದ ಮಾತೋ ಬೇರೆಯೋ ನಾನು ಕೇಳಲಿಲ್ಲ.

ಮರುದಿನ ಅಕ್ಕನಿಗೆ ನೋವು ಶುರುವಾಯಿತು. ಲೆಕ್ಕದ ಪ್ರಕಾರ ಇನ್ನೂ ಇಪ್ಪತ್ತೈದು ದಿನ ಇತ್ತು. ಸೋಮವಾರ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು, ನಾಲ್ಕೂಕಾಲು ಪೌಂಡ್. ಗುರುವಾರ ಮನೆಗೆ ಕಳಿಸಿದರು. ಜೊತೆಗೆ ಬಂದ ದಾದಿ, "ಆಲು ಕುಡೀತದೆ, ಗಟ್ಟಿ ಅದೆ. ಮೈ ಮಾತ್ರ ತಣ್ಣಗಾಗಕ್ ಬಿಡಬ್ಯಾಡಿ ಕಣ್ರವ್ವ. ಉಣ್ಣೇದು ಏನಾರ ಇದ್ರೆ ಹಾಕಿ" ಎಂದಳು. ಅಕ್ಕ ಮಗುವಿನ ಬೆನ್ನಿನ ಕೆಳಗಿನಿಂದ ಕೈ ತೆಗೆಯುತ್ತಲೇ ಇರಲಿಲ್ಲ. ನಿದ್ದೆ ಬಂದರೆ ಬೆಚ್ಚಿ ಎದ್ದು ಮುಟ್ಟುತ್ತಿದ್ದಳು. ನಾನು ಟೇಪು ತಂದು ಮಗುವಿನ ಎದೆ ಅಳೆದೆ.

ಹನ್ನೆರಡು ಇಂಚು.

ಮತ್ತೊಮ್ಮೆ ಅಳೆಯಲಿಲ್ಲ. ಅಟ್ಟ ಹತ್ತಿ ಗಂಟು ಇಳಿಸಿದೆ.

ಅಮ್ಮ ಅಡ್ಡ ನಿಂತಳು. "ಹೋದವಳ ವಸ್ತು ಹಸುಗೂಸಿಗಾ? ಬೇಡ. ನಿನ್ನ ಎಂಟನೇ ನಂಬರಿನಲ್ಲೇ ಬೇಗ ಏನಾದರೂ ಹೆಣಿ."

"ಅದರಲ್ಲಿ ಗಾಳಿ ತೂರುತ್ತೆ ಅಮ್ಮ."

"ಉಣ್ಣೆಗೆ ಮೈಲಿಗೆ ಇಲ್ಲ" ಎಂದಳು ಅಜ್ಜಿ, ಮೂಲೆಯಿಂದ. "ಮೊದಲ ಬಟ್ಟೆ ಹಳೇದಾಗಿರಬೇಕು ಅಂತೀಯಲ್ಲ, ಇದು ಮೂರು ವರ್ಷದ ಹಳೇದು. ಹುಟ್ಟೋ ಮುಂಚೆ ಮಾಡಬಾರದು ಅಂತೀಯ, ಇದನ್ನ ಶುರು ಮಾಡಿದಾಗ ಇವಳಮ್ಮನಿಗೆ ಮದುವೇನೇ ಆಗಿರಲಿಲ್ಲ. ಇನ್ನೇನು ಹೇಳ್ತೀಯ ಹೇಳು."

ಅಮ್ಮ ಪಕ್ಕಕ್ಕೆ ಸರಿದಳು. ಅಕ್ಕ ಮಂಚದಿಂದ ಕೈ ಚಾಚಿ, "ಕೊಡಿ" ಎಂದಳು.

ಆದರೆ ಕಡ್ಡಿಯ ಮೇಲಿನ ಕುಣಿಕೆಗಳನ್ನು ಒಂದೊಂದಾಗಿ ಮುಚ್ಚದೆ ತುಂಡನ್ನು ತೆಗೆಯುವ ಹಾಗಿಲ್ಲ. ತೆಗೆದರೆ ಬಿಚ್ಚಿಹೋಗುತ್ತದೆ. ಅಜ್ಜಿಯ ಕಡೆ ನೋಡಿದೆ.

"ಮುಗಿಸೋದನ್ನ ನಂಗೆ ಕಲಿಸಲಿಲ್ಲ. ಕೇಳಿದ್ದಕ್ಕೆ, ಅದಕ್ಕೆ ಬೇರೆಯವರು ಬರ್ತಾರೆ ಅಂದಳು."

ಅವಳ ಮುಂದೆ ಕೂತು ಮುಚ್ಚತೊಡಗಿದೆ. ಎರಡು ಹೆಣೆಯುವುದು, ಒಂದನ್ನು ಇನ್ನೊಂದರ ಮೇಲಿಂದ ದಾಟಿಸುವುದು. ಐವತ್ತಾರು, ಐವತ್ತೈದು, ಐವತ್ತನಾಲ್ಕು. ಬೆರಳು ಬೆವರಿ ಕಡ್ಡಿ ಜಾರುತ್ತಿತ್ತು. ಅಜ್ಜಿ ತುಂಡಿನ ಕೆಳಗಿನ ಅಂಚನ್ನು ಹಿಡಿದುಕೊಂಡಿದ್ದಳು, ಬಿಡುವ ಮನಸ್ಸಿಲ್ಲದವಳ ಹಾಗೆ. ಕೊನೆಯ ಕುಣಿಕೆಯ ಹೊತ್ತಿಗೆ ಅವಳೇ ಬಿಟ್ಟಳು. ಮೂರು ವರ್ಷದಲ್ಲಿ ಮೊದಲ ಸಲ ಹನ್ನೆರಡನೇ ನಂಬರಿನ ಜೋಡಿ ಬರಿದಾಯಿತು. ತುಂಡನ್ನು ಮಗುವಿನ ಬೆನ್ನಿಗಿಟ್ಟೆವು. ಕತ್ತಿನ ಬುಡದಿಂದ ಸೊಂಟದವರೆಗೆ ಅಳೆದು ಹೆಣೆದ ಹಾಗಿತ್ತು.

ಅದೇ ಕಡ್ಡಿಯಲ್ಲಿ ಕೂಡಲೇ ಮುಂಭಾಗ ಶುರು ಮಾಡಿದೆ. ಬೇರೆ ನಂಬರು ಹಿಡಿದಿದ್ದರೆ ಎರಡು ಭಾಗ ಒಂದಕ್ಕೊಂದು ಕೂಡುತ್ತಿರಲಿಲ್ಲ. ಉಂಡೆಯಲ್ಲಿ ಅದಕ್ಕಾಗುವಷ್ಟು ನೂಲಿತ್ತು. ಮೂವತ್ತೊಂಬತ್ತನೇ ಗೆರೆಗೆ ಬಂದಾಗ ಸ್ವಲ್ಪ ಹೊತ್ತು ಕಡ್ಡಿ ಕೆಳಗಿಟ್ಟೆ. ಅಜ್ಜಿ ಹಾಕಿದ್ದು ಮೂವತ್ತೊಂಬತ್ತು. ಬೆನ್ನಿನಲ್ಲಿ ಇದ್ದದ್ದು ನಲವತ್ತು. ನಾನೂ ನಲವತ್ತು ಹಾಕಿದೆ. ಇಲ್ಲದಿದ್ದರೆ ಭುಜದಲ್ಲಿ ಒಂದು ಗೆರೆಯಷ್ಟು ಸಂದು ಉಳಿಯುತ್ತಿತ್ತು.

ಎರಡೂವರೆ ದಿನ ಹಿಡಿಯಿತು. ಒಂಬತ್ತನೇ ದಿನ, ಫೆಬ್ರವರಿ 26ರ ಮಂಗಳವಾರ ಬೆಳಿಗ್ಗೆ, ಮನೆಯಲ್ಲಿ ಯಾರೂ ಕಾಫಿ ಕುಡಿಯಲಿಲ್ಲ. ಅಕ್ಕ ಸ್ವೆಟರಿನ ಒಳಗೆ ಕೈ ತೂರಿಸಿ ಬಹಳ ಹೊತ್ತು ಇಟ್ಟುಕೊಂಡಳು. ಆಮೇಲೆ ಕೈ ಹೊರಗೆ ತೆಗೆದು, "ಬೆವರಿದಾಳೆ" ಎಂದಳು. ಅಮ್ಮ ಅಡುಗೆಮನೆಗೆ ಹೋಗಿ ಅತ್ತದ್ದು ನಮಗೆಲ್ಲ ಕೇಳಿಸಿತು.

ಮಾರ್ಚಿನ ಪಂಚಮಿಗೆ ಅದೇ ಕಡ್ಡಿಗೆ ಹೊಸ ಉಣ್ಣೆಯಲ್ಲಿ ಐವತ್ತಾರು ಕುಣಿಕೆ ಎತ್ತಿ ಅಜ್ಜಿಯ ಕೈಗೆ ಕೊಟ್ಟೆ. ಅವಳು ಬೆರಳು ಸವರಿ ನನಗೇ ಹಿಂದಕ್ಕೆ ಕೊಟ್ಟಳು. "ಇನ್ನು ಬೇಡ. ಅವಳಿಗೆ ಸಾಕಾಯ್ತು" ಎಂದಳು. ಆ ಮಧ್ಯಾಹ್ನವೆಲ್ಲ ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅತ್ತೆಗೂ ಆಮೇಲೆ ಆ ಕೋಣೆಯಿಂದ ಸದ್ದು ಕೇಳಿಸಲಿಲ್ಲವಂತೆ.

ಈಗ ಎಂಬತ್ತನಾಲ್ಕನೇ ಇಸವಿ. ಮಗುವಿಗೆ ನಾಲ್ಕು ವರ್ಷ ತುಂಬಿದೆ. ಆ ಸ್ವೆಟರ್ ಬಿಸ್ಕತ್ತಿನ ಡಬ್ಬದಲ್ಲಿ ನನ್ನ ಹತ್ತಿರ ಇದೆ. ಡೈರಿಯ ಪ್ರಕಾರ ಈವರೆಗೆ ಹನ್ನೊಂದು ಸಲ ಎಣಿಸಿದ್ದೇನೆ. ನಲವತ್ತೇ. ಈಗ ಅದು ಬೆಳೆಯುವುದಿಲ್ಲ. ಹೋದ ವಾರ ಅಕ್ಕ ಬಂದಿದ್ದಾಗ ಹುಡುಗಿ ಡಬ್ಬ ಎಳೆದು, ಸ್ವೆಟರ್ ಹರವಿ, ಬೆರಳಿನಿಂದ ಬೆನ್ನಿನ ಭಾಗದ ಗೆರೆಗಳ ಮೇಲೆ ಬಸ್ಸು ಓಡಿಸುತ್ತಿದ್ದಳು. ಮೇಲಿನಿಂದ ಎರಡನೇ ಗೆರೆಯಲ್ಲಿ ಬಸ್ಸು ನಿಂತಿತು.

"ಚಿಕ್ಕಮ್ಮಾ, ಇದನ್ನ ಯಾರು ಹಾಕಿದ್ದು?"

ಅವಳಿಗೆ ನಾನೇ ಚಿಕ್ಕಮ್ಮ. ಪಟ್ಟಿಯಲ್ಲಿ ಆ ಜಾಗ ಇನ್ನೂ ಖಾಲಿಯೇ ಇದೆ. "ಅದು ಎಷ್ಟನೇ ಗೆರೆ ಅಂತ ಮೊದಲು ಎಣಿಸು ನೋಡೋಣ" ಎಂದೆ. ಅವಳಿಗೆ ಬರುವುದು ಹತ್ತರವರೆಗೆ. ಕೆಳಗಿನಿಂದ ಹತ್ತು ಎಣಿಸಿದಳು, ನನ್ನ ಮುಖ ನೋಡಿದಳು, ಮತ್ತೆ ಒಂದರಿಂದ ಶುರು ಮಾಡಿದಳು.